ಮೀನಿಗೂ ಮುಂಚೆ ನೀರಿಗೆ ಹೆಪ್ಪು

ಪುಣೆಯಿಂದ ಬೆಂಗಳೂರು ಹೆದ್ದಾರಿ ಹಿಡಿದು, ಕಾತ್ರಜ್ ದಾಟಿ, ಕಪೂರ್‌ಹೋಳದ ಬಳಿ ಬಲಕ್ಕೆ ಹೊರಳಿದರೆ ಭೋರ್ ದಾರಿ. ಒಟ್ಟು 50 ಕಿಲೋಮೀಟರಿನ ಆಸುಪಾಸು. ಭೋರ್‌ನವರಿಗೆ ದೊಡ್ಡ ಪೇಟೆ ಎಂದರೆ ಪುಣೆಯೇ. ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಚೀಲದ ತುಂಬ ಮೀನು ಎಲ್ಲವನ್ನೂ ಒಂದೇ ಸಲಕ್ಕೆ ಕೊಂಡು ತರುವ ಆಸೆ ಸಹಜ. ಸಂಜೆ ತೊಟ್ಟಿಗೆ ನಲ್ಲಿ ನೀರು ತುಂಬಿ, ಚೀಲ ಬಿಚ್ಚಿ ಮೀನು ಬಿಟ್ಟರೆ ಆ ರಾತ್ರಿ ಮನೆಯಲ್ಲಿ ಹಬ್ಬ. ಬುಧವಾರದ ಹೊತ್ತಿಗೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ. ಶನಿವಾರಕ್ಕೆ ತೊಟ್ಟಿ ಖಾಲಿ.

ಇದು ಭೋರ್‌ನ ಕತೆ ಮಾತ್ರವಲ್ಲ, ಬೆಂಗಳೂರಿನದೂ ಹುಬ್ಬಳ್ಳಿಯದೂ ಹೌದು. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ಕೆಲವರು, ನಮ್ಮೂರ ನೀರೇ ಸರಿಯಿಲ್ಲ ಎಂದು ಕೆಲವರು ಬಗೆಯುತ್ತಾರೆ. ಹೆಚ್ಚಿನ ಸಲ ಎರಡೂ ಕಾರಣವಲ್ಲ. ತೊಟ್ಟಿಯ ನೀರು ಇನ್ನೂ ‘ಪಳಗಿರಲಿಲ್ಲ’, ಅಷ್ಟೆ.

ಹಾಲು ಕಾಯಿಸಿ ಆರಿಸಿಟ್ಟರೆ ಮೊಸರಾಗುವುದಿಲ್ಲ. ಹೆಪ್ಪು ಬೇಕು, ಹದವಾದ ಬೆಚ್ಚಗೆ ಬೇಕು, ಒಂದು ರಾತ್ರಿಯ ಸಮಯ ಬೇಕು. ಮೀನಿನ ತೊಟ್ಟಿಗೂ ಹೀಗೆಯೇ ಹೆಪ್ಪು ಹಾಕಬೇಕು. ಮೊಸರಿನಂತೆ ಒಂದು ರಾತ್ರಿಯಲ್ಲಿ ಮುಗಿಯದೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಹೊಸಬರು ಎಡವುವುದು ಬಹುಮಟ್ಟಿಗೆ ಈ ಕಾಯುವಿಕೆಯಲ್ಲೇ.

ಆ ವಾರಗಳಲ್ಲಿ ನಡೆಯುವುದೇನು? ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಬೀಳುತ್ತದೆ. ಹಿಕ್ಕೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವುಗಳಿಂದಲೂ ಅದೇ ಹುಟ್ಟುತ್ತದೆ. ನದಿಯಲ್ಲಿ ಅದು ಹರಿದುಹೋಗುತ್ತದೆ. 50 ಲೀಟರ್ ತೊಟ್ಟಿಯಲ್ಲಿ ಅಲ್ಲೇ ನಿಂತು ಕಿವಿರನ್ನು ಸುಡುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತದ ಹಿಮೋಗ್ಲೋಬಿನ್ ಕೆಡಿಸಿ ರಕ್ತವನ್ನು ಕಂದಾಗಿಸುತ್ತದೆ, ಸುತ್ತ ಗಾಳಿ ಇದ್ದರೂ ಮೀನು ಉಸಿರುಗಟ್ಟುತ್ತದೆ. ಇನ್ನೊಂದು ಬಗೆಯ ಜೀವಿಗಳು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ಅದು ಬಹಳ ಸೌಮ್ಯ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ, ಗಿಡಗಳು ಅದನ್ನು ಗೊಬ್ಬರವಾಗಿಯೂ ಹೀರುತ್ತವೆ. ಈ ಎರಡನೆಯ ಕೆಲಸವನ್ನು ಅಕ್ವೇರಿಯಂಗಳಲ್ಲಿ ಮಾಡುವುದು ನೈಟ್ರೋಬ್ಯಾಕ್ಟರ್ ಎಂದು ಪುಸ್ತಕಗಳು ಬಹುಕಾಲ ಬರೆದವು. ಮುಖ್ಯವಾಗಿ ನೈಟ್ರೋಸ್ಪೈರಾ ಎಂದು ಟಿಮೊತಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದ್ದು 1998ರಲ್ಲಿ. ಈ ಎರಡೂ ಬಗೆಯ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಹೆಚ್ಚಾಗಿ ಫಿಲ್ಟರ್‌ನ ಸ್ಪಂಜು, ಜಲ್ಲಿ, ಗಿಡದ ಎಲೆಗಳ ಮೇಲೆ ಪದರವಾಗಿ ಅಂಟಿಕೊಂಡಿರುತ್ತವೆ. ಹಾಗಾಗಿ ತೊಟ್ಟಿಯ ನಿಜವಾದ ಆಸ್ತಿ ಆ ಕೊಳಕಾಗಿ ಕಾಣುವ ಸ್ಪಂಜು.

ಹೆಪ್ಪು ಹಾಕುವ ವಿಧಾನ ಸರಳ. ಮೀನಿಲ್ಲದ ತೊಟ್ಟಿಗೆ ನೀರು ತುಂಬಿ, ಕ್ಲೋರಿನ್ ತೆಗೆದು, ಫಿಲ್ಟರ್ ಹಗಲೂ ರಾತ್ರಿ ಓಡಲು ಬಿಡಬೇಕು. ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಹೋದರೆ ಅದು ಕೊಳೆತು ಅಮೋನಿಯಾ ಕೊಡುತ್ತದೆ, ಅದನ್ನು ತಿಂದು ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದನ್ನು ಕೊಳ್ಳಲೇಬೇಕು. ಕಾಗದದ ಪಟ್ಟಿಗಿಂತ ಹನಿಯ ಕಿಟ್ ನಂಬಿಗಸ್ತ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಂಡ ದಿನ ತೊಟ್ಟಿ ಸಿದ್ಧ. ಅರ್ಧ ನೀರು ಬದಲಿಸಿ ಮೀನು ತರಲು ಹೊರಡಬಹುದು. ನಡುವೆ ಎಲ್ಲೋ ನೀರು ಹಾಲಿನಂತೆ ಬೆಳ್ಳಗಾದರೆ ಗಾಬರಿಯಿಂದ ಚೆಲ್ಲಬಾರದು. ಅದು ಹೊಸ ತೊಟ್ಟಿಯ ಸಹಜ ಹಂತ, ತಾನಾಗಿ ತಿಳಿಯಾಗುತ್ತದೆ.

ಬೇಗ ಆಗಬೇಕೆಂದರೆ? ನೆರೆಮನೆಯಿಂದ ಹೆಪ್ಪು ತರುವಂತೆ, ವರ್ಷಗಟ್ಟಲೆ ಚೆನ್ನಾಗಿ ನಡೆಯುತ್ತಿರುವ ಪರಿಚಿತರ ತೊಟ್ಟಿಯಿಂದ ಒಂದು ತುಂಡು ಹಳೆಯ ಸ್ಪಂಜು ಕೇಳಿ ತರಬೇಕು. ಒದ್ದೆಯಾಗಿಯೇ ತಂದು ಹೊಸ ಫಿಲ್ಟರ್‌ನೊಳಗೆ ಇಟ್ಟರೆ ಆರು ವಾರದ ಕೆಲಸ ಎಷ್ಟೋ ಸಲ ಒಂದೆರಡು ವಾರಕ್ಕೆ ಇಳಿಯುತ್ತದೆ. ಹಳೆಯ ತೊಟ್ಟಿಯ ನೀರು ತಂದರೆ ಹೆಚ್ಚು ಪ್ರಯೋಜನವಿಲ್ಲ. ಸ್ಪಂಜು ಕೊಡುವವರ ಮೀನು ಆರೋಗ್ಯವಾಗಿರಬೇಕು. ಹೆಪ್ಪಿನ ಜೊತೆ ರೋಗವೂ ಬರುತ್ತದೆ.

ಇನ್ನು ನೀರಿನ ಮಾತು. ಭೋರ್ ಸಹ್ಯಾದ್ರಿಯ ಮಡಿಲಿನ ಊರು. ಇದೇ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುವ ನೀರಾ ನದಿ ಊರಿನ ಪಕ್ಕದಲ್ಲೇ ಹರಿಯುತ್ತದೆ. ವೇಳವಂಡಿ ಹೊಳೆಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಭಾಟಘರ್ ಅಣೆಕಟ್ಟು ಹತ್ತಿರದಲ್ಲೇ ಇದೆ. ಬೆಟ್ಟದ ಮಳೆನೀರು ನಿಂತ ಇಂಥ ಜಲಾಶಯಗಳ ನೀರು ಸಾಮಾನ್ಯವಾಗಿ ಮೆದು. ಅದೇ ಊರಲ್ಲಿ ಕಪ್ಪು ಬಂಡೆ ಕೊರೆದು ತೆಗೆದ ಕೊಳವೆಬಾವಿಯ ನೀರು ಗಡಸಾಗಿರಬಹುದು. ಮಲೆನಾಡಿನ ಬಾವಿಗೂ ಕಲಬುರಗಿಯ ಬೋರ್‌ವೆಲ್‌ಗೂ ಇರುವ ಅಂತರವೇ ಇದು. ಬಕೆಟ್ಟಿನ ಅಂಚಿನಲ್ಲಿ, ಗೀಸರ್‌ನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಿದ್ದರೆ, ಸೋಪು ನೊರೆ ಬರದಿದ್ದರೆ ನೀರು ಗಡಸು. ಗಡಸು ನೀರನ್ನು ಮೆದುವಾಗಿಸಲು ಒದ್ದಾಡುವ ಬದಲು ಆ ನೀರಿಗೆ ಒಗ್ಗುವ ಮೀನನ್ನು ಆರಿಸುವುದು ಜಾಣತನ. ಪಿಎಚ್ ಕೂಡ ಒಮ್ಮೆ ನೋಡಿಕೊಳ್ಳಬೇಕು, ಏಕೆಂದರೆ ಅಮೋನಿಯಾದ ವಿಷ ಅದನ್ನೇ ಅವಲಂಬಿಸಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡಾ ಒಂದಕ್ಕೂ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ; ಪಿಎಚ್ 8 ಆದರೆ ಅದು ಶೇಕಡಾ 5ಕ್ಕೆ ಏರುತ್ತದೆ. ಸಾಮಾನ್ಯವಾಗಿ ಪಿಎಚ್ ಹೆಚ್ಚಿರುವ ಗಡಸು ನೀರಿನಲ್ಲಿ ಹೊಸ ತೊಟ್ಟಿ ಬೇಗ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ಬರತೊಡಗಿದಾಗ ಬ್ಲೀಚಿಂಗ್ ಪುಡಿ ಹೆಚ್ಚು ಹಾಕುವುದು ಎಲ್ಲ ಊರುಗಳಲ್ಲೂ ವಾಡಿಕೆ. ಕ್ಲೋರಿನ್ ಮೀನಿನ ಕಿವಿರಿಗೂ ಕೆಟ್ಟದ್ದು, ಹೆಪ್ಪಿನ ಜೀವಿಗಳಿಗೂ ಮಾರಕ. ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರನ್ನು 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಗಳಲ್ಲಿ ‘ಆಂಟಿ ಕ್ಲೋರಿನ್’ ಎಂಬ ಹೆಸರಿನಲ್ಲಿ ಸಿಗುವ ಹನಿ ಸಾಕು. ಅದರಲ್ಲಿರುವುದು ಬಹುಪಾಲು ಸೋಡಿಯಂ ಥಯೋಸಲ್ಫೇಟ್.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಚಿಕ್ಕದಾದರೆ ನೋಡಿಕೊಳ್ಳುವುದು ಸುಲಭ ಎಂಬ ಎಣಿಕೆ ತಲೆಕೆಳಗು. ನೀರು ಕಡಿಮೆಯಾದಷ್ಟೂ ವಿಷ ಬೇಗ ಏರುತ್ತದೆ, ಉಷ್ಣತೆ ಬೇಗ ಬದಲಾಗುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಹೊಸಬರಿಗೆ ಒಳ್ಳೆಯ ಆರಂಭ. ಅಂಚಿನವರೆಗೆ ತುಂಬಿದರೆ ಸುಮಾರು 57 ಲೀಟರ್ ಹಿಡಿಯುತ್ತದೆ. ನೀರು, ಕಲ್ಲು, ಗಾಜು ಸೇರಿ 70 ಕಿಲೋ ದಾಟುವ ಈ ಭಾರವನ್ನು ಟಿವಿ ಸ್ಟ್ಯಾಂಡಿನ ಮೇಲೆ, ಫ್ರಿಜ್ ಮೇಲೆ ಇಡುವಂತಿಲ್ಲ. ಗಟ್ಟಿಯಾದ, ಸಮತಟ್ಟಾದ ಮೇಜು ಬೇಕು. ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿದರೆ ಸಣ್ಣ ಏರುಪೇರು ಗಾಜನ್ನು ಸೀಳುವುದಿಲ್ಲ. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ, ಪಾಚಿ ಕಟ್ಟುತ್ತದೆ. ನೀರು ತುಂಬಿದ ತೊಟ್ಟಿಯನ್ನು ಎಂದೂ ಎತ್ತಿ ಜರುಗಿಸಬಾರದು.

ಫಿಲ್ಟರ್‌ಗಳಲ್ಲಿ ತರಹೇವಾರಿ ಇದ್ದರೂ ಇಷ್ಟು ಸಣ್ಣ ತೊಟ್ಟಿಗೆ ಏರ್ ಪಂಪಿನಿಂದ ನಡೆಯುವ ಸ್ಪಂಜು ಫಿಲ್ಟರ್ ಸಾಕು. ಅಗ್ಗ, ಕೆಡುವ ಭಾಗ ಕಡಿಮೆ, ಮರಿಗಳನ್ನು ಎಳೆದುಕೊಳ್ಳುವುದಿಲ್ಲ, ಗಾಳಿಯನ್ನೂ ಕೊಡುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಕೊಳವೆಗೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಬೇಕು. ಕರೆಂಟು ಹೋದ ಕ್ಷಣ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪು, ಪ್ಲಗ್ಗು, ನೆಲ ಎಲ್ಲವನ್ನೂ ತೋಯಿಸಬಹುದು. ಆಷಾಢದ ಗಾಳಿಮಳೆಗೆ ಘಟ್ಟದ ಊರುಗಳಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವುದು ಹೊಸದಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿದ್ದರೆ ಒಳ್ಳೆಯದು. ಅದೂ ಇಲ್ಲದಿದ್ದರೆ ಲೋಟದಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಮತ್ತೆ ಸುರಿಯುತ್ತಿರಬೇಕು, ಆಹಾರ ಹಾಕಬಾರದು. ಫಿಲ್ಟರ್ ದಿನವಿಡೀ ನಿಂತಿದ್ದರೆ ಮತ್ತೆ ಚಾಲೂ ಮಾಡುವ ಮುನ್ನ ಸ್ಪಂಜನ್ನು ತೊಳೆಯಬೇಕು. ನಲ್ಲಿಯ ಕೆಳಗಲ್ಲ! ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಗುರವಾಗಿ ಹಿಂಡಬೇಕು. ಸ್ಪಂಜನ್ನು ನಲ್ಲಿ ನೀರಿನಲ್ಲಿ ಬೆಳ್ಳಗೆ ತೊಳೆದು ಹೆಪ್ಪನ್ನೆಲ್ಲ ಚರಂಡಿಗೆ ಬಿಟ್ಟು, ವಾರದೊಳಗೆ ಮೀನು ಕಳೆದುಕೊಂಡವರು ಲೆಕ್ಕವಿಲ್ಲದಷ್ಟು ಜನ.

ಹೀಟರ್ ಬೇಕೇ ಎಂಬುದು ಮೀನಿನ ಮೇಲಿದೆ. ಪುಣೆ ಸೀಮೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಚಳಿ. ಎರಡು ಅಡಿ ತೊಟ್ಟಿಗೆ 50 ವಾಟ್ ಹೀಟರ್ ಸಾಕಾಗುತ್ತದೆ, 25 ಡಿಗ್ರಿಗೆ ಹೊಂದಿಸಬಹುದು. ಕೈ ನೀರಿಗಿಳಿಸುವ ಮುನ್ನ ಪ್ಲಗ್ ತೆಗೆಯುವುದು ಮನೆಯ ಕಟ್ಟುನಿಟ್ಟಿನ ನಿಯಮವಾಗಬೇಕು.

ತಳಕ್ಕೆ ಎರಡು ಇಂಚು ಸಣ್ಣ ಜಲ್ಲಿ ಸಾಕು, ನೀರು ತಿಳಿಯಾಗುವವರೆಗೆ ತೊಳೆದು ಹಾಕಬೇಕು. ಅಮೃತಶಿಲೆಯ ಚೂರು, ಕಪ್ಪೆಚಿಪ್ಪು ನೀರನ್ನು ಗಡಸಾಗಿಸುತ್ತವೆ. ಸಂಶಯವಿದ್ದರೆ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಬೇಕು. ನೊರೆಗುಳ್ಳೆ ಎದ್ದರೆ ಆ ಕಲ್ಲು ಬೇಡ. ನೀರಾ ದಂಡೆಯಿಂದ ಮರಳು ತುಂಬಿ ತರುವ ಯೋಚನೆಯೂ ಬೇಡ. ಮರಳಿನೊಂದಿಗೆ ರೋಗಾಣು, ಬಸವನಹುಳು ಬರುತ್ತವೆ, ನದಿಗೂ ನಷ್ಟ. ಗಿಡಗಳಲ್ಲಿ ಜಾವಾ ಫರ್ನ್, ಅನೂಬಿಯಾಸ್ ಎರಡೂ ಕಡಿಮೆ ಬೆಳಕಿಗೆ ಬದುಕುತ್ತವೆ. ಅವುಗಳ ಗೆಡ್ಡೆಕಾಂಡವನ್ನು ಜಲ್ಲಿಯಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು. ನಮ್ಮ ಕೆರೆಗಳಲ್ಲಿ ಕಾಣುವ ವ್ಯಾಲಿಸ್ನೇರಿಯಾ ಕೂಡ ಸುಲಭದ ಗಿಡ. ಬಲ್ಬು ದಿನಕ್ಕೆ ಆರೆಂಟು ಗಂಟೆ ಉರಿದರೆ ಧಾರಾಳವಾಯಿತು.

ಈಗ ಎಲ್ಲರೂ ಕಾದಿರುವ ವಿಷಯ: ಯಾವ ಮೀನು?

ಮೊದಲ ಮೀನಾಗಿ ಜೀಬ್ರಾ ಮೀನಿಗೆ ಸಾಟಿಯಿಲ್ಲ. ನೀಲಿ ಪಟ್ಟೆಯ, ಬೆರಳುದ್ದವೂ ಇಲ್ಲದ, ಕ್ಷಣ ನಿಲ್ಲದೆ ಸುತ್ತುವ ಈ ಮೀನು ಭಾರತದ್ದೇ. ಇದನ್ನು 1822ರಲ್ಲಿ ಮೊದಲು ವಿವರಿಸಿದವನು ಫ್ರಾನ್ಸಿಸ್ ಬುಕಾನನ್, ಆ ಹೊತ್ತಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದಿದ್ದ. ಟಿಪ್ಪು ಸುಲ್ತಾನನ ಪತನದ ಮರುವರ್ಷ ಮೈಸೂರು, ಕನ್ನಡ ಕರಾವಳಿ ಸುತ್ತಿ ಹೊಲ, ಬೆಳೆ, ಜಾತಿ, ಕಸುಬುಗಳನ್ನೆಲ್ಲ ದಾಖಲಿಸಿದ ಅದೇ ಬುಕಾನನ್. ಗಂಗೆಯ ಮೀನುಗಳ ಮೇಲಿನ ಅವನ 1822ರ ಪುಸ್ತಕದಿಂದಲೇ ಗುಲಾಬಿ ಬಾರ್ಬ್ ಕೂಡ ವಿಜ್ಞಾನಕ್ಕೆ ಪರಿಚಯವಾಯಿತು. ಜೀಬ್ರಾ ಮೀನು ಇಂದು ಜಗತ್ತಿನ ತಳಿವಿಜ್ಞಾನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಸ್ವಲ್ಪ ಚಳಿ, ಸ್ವಲ್ಪ ಗಡಸು, ಸ್ವಲ್ಪ ಮೆದು ಎಲ್ಲವನ್ನೂ ತಾಳಿಕೊಳ್ಳುವ ಗುಣ ಮನೆಯ ತೊಟ್ಟಿಗೂ ಉಪಕಾರಿ. ಇದನ್ನು ಒಂಟಿಯಾಗಿ ಇಡಬಾರದು, ಆರಕ್ಕೆ ಕಡಿಮೆ ಬೇಡ. ಗುಂಪು ಕಡಿಮೆಯಾದರೆ ಒಂದು ಇನ್ನೊಂದನ್ನು ಅಟ್ಟಾಡಿಸುತ್ತದೆ.

ಮೆದು ನೀರಿದ್ದರೆ ಎರಡು ವಾರದ ಬಳಿಕ ಶ್ರೀಲಂಕಾ ಮೂಲದ ಚೆರ್ರಿ ಬಾರ್ಬ್ ಆರನ್ನು ಸೇರಿಸಬಹುದು. ಆಗ ಹೀಟರ್ ಇರಲಿ. ಗಡಸು ನೀರಿನವರಿಗೆ ಗಪ್ಪಿ, ಪ್ಲ್ಯಾಟಿ ಹೇಳಿ ಮಾಡಿಸಿದಂಥವು. ಗಪ್ಪಿಯಲ್ಲಿ ಗಂಡು ಹೆಣ್ಣು ಎರಡನ್ನೂ ತಂದರೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ. ಬೇಡವೆಂದರೆ ಗಂಡುಗಳನ್ನಷ್ಟೇ ತರಬೇಕು, ಬಣ್ಣವಿರುವುದೂ ಅವಕ್ಕೇ.

ಸಹ್ಯಾದ್ರಿಯ ಮೀನುಗಳದ್ದು ಬೇರೆಯೇ ಮಾತು. ಪುಣೆ ಸುತ್ತಲಿನ ನದಿಗಳ ಮೀನುಗಳನ್ನು ಕರ್ನಲ್ ಸೈಕ್ಸ್ 1839ರಲ್ಲಿ ವಿವರಿಸಿದಾಗ ಸ್ಥಳೀಯರು ಕರೆಯುತ್ತಿದ್ದ ಹೆಸರುಗಳನ್ನೇ ಲ್ಯಾಟಿನ್‌ಗೆ ಏರಿಸಿದ. ಕಲ್ಲಿಗೆ ಅಂಟಿ ಪಾಚಿ ಮೇಯುವ ಗಾರ್ರಾ ಮುಲ್ಲ್ಯ ಅಂಥದ್ದೊಂದು. ಕನ್ನಡಿಗರು ಹೆಮ್ಮೆಪಡುವ ಇನ್ನೊಂದು ಹೆಸರಿದೆ. ಹಳದಿ ಕಪ್ಪು ಪಟ್ಟೆಯ ಜೀಬ್ರಾ ಲೋಚ್ ಎಂಬ ಪುಟ್ಟ ಮೀನನ್ನು ಶಿವಮೊಗ್ಗದ ತುಂಗಾ ನದಿಯಿಂದ 1920ರಲ್ಲಿ ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಈ ಮೀನು ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿದೆ, ಅಂತರರಾಷ್ಟ್ರೀಯ ಕೆಂಪು ಪಟ್ಟಿ ಇದನ್ನು ಅಳಿವಿನಂಚಿನದೆಂದು ಗುರುತಿಸಿದೆ. ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ಹೊಳೆಯಿಂದಲೇ ಹಿಡಿದದ್ದು. ಎಷ್ಟೇ ಚೆಂದ ಕಂಡರೂ ಹೊಸಬರು ಇದನ್ನು ಕೊಳ್ಳದಿರುವುದೇ ಸರಿ. ತೊಟ್ಟಿಯಲ್ಲೇ ಸಾಕಿ ಬೆಳೆಸಿದ ಮೀನೋ ಎಂದು ಅಂಗಡಿಯಲ್ಲಿ ಕೇಳುವ ರೂಢಿ ಮೊದಲ ದಿನದಿಂದಲೇ ಇರಲಿ.

ಗುಂಡು ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಷ್ ಇಡುವ ಚಿತ್ರ ಎಲ್ಲರ ಮನಸ್ಸಿನಲ್ಲೂ ಇದೆ. ಗೋಲ್ಡ್‌ಫಿಷ್ ಹತ್ತಾರು ವರ್ಷ ಬದುಕಿ ಅಂಗೈಗಿಂತ ದೊಡ್ಡದಾಗಬಲ್ಲ ಮೀನು, ಗಲೀಜೂ ಜಾಸ್ತಿ. ಬೋಗುಣಿ ಅದಕ್ಕೆ ಸೆರೆಮನೆ. ಎರಡು ಅಡಿ ತೊಟ್ಟಿಗೂ ಅದು ಹೊಂದುವುದಿಲ್ಲ. ಪಾಚಿ ತಿಂದು ಗಾಜು ಸ್ವಚ್ಛ ಮಾಡುತ್ತದೆ ಎಂದು ಮಾರುವ ‘ಸಕ್ಕರ್’ ಮೀನು ಮೂರು ಇಂಚಿನದಾಗಿ ಬಂದು ಒಂದು ಅಡಿ ದಾಟುತ್ತದೆ. ‘ಶಾರ್ಕ್’ ಎಂಬ ಹೆಸರಿನಲ್ಲಿ ಮಾರುವ ಹಲವು ಮೀನುಗಳದ್ದೂ ಇದೇ ಹಾಡು.

ಕೊಂಡ ಮೀನನ್ನು ಪುಣೆಯಿಂದ ಭೋರ್‌ಗೆ ತರುವಾಗ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡಬೇಕು, ಮೀನು ಕಡಿಮೆ ಬೆದರುತ್ತದೆ. ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ ಇರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಚೀಲ ಬಿಟ್ಟು ಊಟಕ್ಕೆ ಹೋಗಬಾರದು. ಮನೆಯಲ್ಲಿ ತೊಟ್ಟಿಯ ದೀಪ ಆರಿಸಿ, ಚೀಲವನ್ನು ಕಟ್ಟಿದಂತೆಯೇ ನೀರಿನ ಮೇಲೆ 15 ನಿಮಿಷ ತೇಲಿಬಿಡಬೇಕು. ಆಮೇಲೆ ಬಾಯಿ ಬಿಚ್ಚಿ ಐದೈದು ನಿಮಿಷಕ್ಕೆ ಅರ್ಧ ಲೋಟ ತೊಟ್ಟಿಯ ನೀರನ್ನು ಒಳಗೆ ಹಾಕುತ್ತ, ಅರ್ಧ ಗಂಟೆಯ ಬಳಿಕ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಬೇಕು. ಅಂಗಡಿಯ ನೀರು ಚರಂಡಿಗೆ ಹೋಗಲಿ. ಆ ದಿನ ಆಹಾರ ಬೇಡ.

ನಂತರದ ದಿನಗಳಲ್ಲೂ ಆಹಾರದ್ದೇ ಕಾಟ. ಗಾಜಿನ ಬಳಿ ಯಾರೇ ನಿಂತರೂ ಮೀನು ಓಡಿ ಬರುತ್ತದೆ, ಹಸಿದಿದೆ ಎಂದು ಮನೆಮಂದಿಯೆಲ್ಲ ಒಂದೊಂದು ಚಿಟಿಕೆ ಹಾಕುತ್ತಾರೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದೆರಡು ಸಲ, ಅದೂ ಒಬ್ಬರ ಕೈಯಿಂದ ಮಾತ್ರ. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಭಾಗ ನೀರನ್ನು ಕೊಳವೆಯಿಂದ ಹೀರಿ ತೆಗೆದು, ಕೊಳವೆಯ ತುದಿಯನ್ನು ಜಲ್ಲಿಯೊಳಗೆ ಆಡಿಸಿ ಹಿಕ್ಕೆಯನ್ನೂ ಎಳೆದು, ಅಷ್ಟೇ ಬಿಸಿಯ ಕ್ಲೋರಿನ್ ಇಲ್ಲದ ನೀರು ತುಂಬಬೇಕು. ಹೊರತೆಗೆದ ನೀರು ಮನೆಯ ಕುಂಡಗಳಿಗೆ ಒಳ್ಳೆಯ ಗೊಬ್ಬರ. ಬೇಸಿಗೆಯಲ್ಲಿ ಆವಿಯಾದಷ್ಟು ನೀರು ತುಂಬಿಸಿ ಸುಮ್ಮನಾಗುವವರಿದ್ದಾರೆ. ಆವಿಯಾಗುವುದು ನೀರು ಮಾತ್ರ, ಲವಣ ಉಳಿದು ವಾರದಿಂದ ವಾರಕ್ಕೆ ನೀರು ಗಡಸಾಗುತ್ತ ಹೋಗುತ್ತದೆ.

ಚಳಿಗೆ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದು ಮೀನು ಕಲ್ಲಿಗೆ ಮೈ ಉಜ್ಜತೊಡಗಿದರೆ ಅದು ಇಕ್ ಎಂಬ ಪರಾವಲಂಬಿಯ ರೋಗ. ಉಷ್ಣತೆಯನ್ನು ಎರಡು ದಿನದಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿ ಗಾಳಿ ಹೆಚ್ಚಿಸಿದರೆ ಮೊದಲ ಹಂತದಲ್ಲೇ ಹತೋಟಿಗೆ ತರುವ ಸಾಧ್ಯತೆ ಹೆಚ್ಚು. ಕಂಡಕಂಡ ನೀಲಿ ಔಷಧಿಯನ್ನು ಮುಖ್ಯ ತೊಟ್ಟಿಗೇ ಸುರಿದರೆ ಹೆಪ್ಪೂ ಸಾಯಬಹುದು. ಔಷಧಿ ಬೇಕಾದರೆ ಬೇರೆ ಬಕೆಟ್ಟಿನಲ್ಲಿ ಕೊಡಬೇಕು.

ಮೀನು ದೊಡ್ಡದಾಯಿತು, ಮರಿ ಹೆಚ್ಚಾಯಿತು, ವರ್ಗವಾಗಿ ಬೇರೆ ಊರಿಗೆ ಹೋಗಬೇಕು, ಆಗೇನು? ನೀರಾ ನದಿಗೋ ಭಾಟಘರ್ ಜಲಾಶಯಕ್ಕೋ ಬಿಟ್ಟರೆ ಪುಣ್ಯ ಎಂಬ ಭಾವನೆ ಇದೆ. ಇಲ್ಲಿ ಬಿಟ್ಟದ್ದು ಇಲ್ಲೇ ನಿಲ್ಲುವುದಿಲ್ಲ. ನೀರಾ ನದಿ ನರಸಿಂಗಪುರದಲ್ಲಿ ಭೀಮೆಯನ್ನು ಸೇರುತ್ತದೆ, ಭೀಮೆ ಕಲಬುರಗಿ, ಯಾದಗಿರಿ ಸೀಮೆ ಹಾದು ಕೃಷ್ಣೆಗೆ ಸೇರುತ್ತದೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಮನೆಯ ತೊಟ್ಟಿಗಳಿಂದಲೂ ಸಾಕಣೆ ಕೊಳಗಳಿಂದಲೂ ತಪ್ಪಿ ದೇಶದ ಹಲವು ಕೆರೆ, ನದಿಗಳಲ್ಲಿ ಬೀಡುಬಿಟ್ಟು ಬೆಸ್ತರ ಬಲೆ ಹರಿಯುತ್ತಿದೆ. ಉತ್ತರ ಅಮೆರಿಕದ ಅಲಿಗೇಟರ್ ಗಾರ್ 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಸಿಕ್ಕಿತು. ಬೇಡವಾದ ಮೀನನ್ನು ಅಂಗಡಿಗೇ ಹಿಂದಿರುಗಿಸಬೇಕು ಅಥವಾ ಮೀನು ಸಾಕುವ ಇನ್ನೊಬ್ಬರಿಗೆ ಕೊಡಬೇಕು. ತೊಟ್ಟಿಯ ಗಿಡ, ಬಸವನಹುಳುಗಳಿಗೂ ಇದೇ ನಿಯಮ. ಅವನ್ನು ಒಣಗಿಸಿ ಕಸಕ್ಕೆ ಹಾಕಬಹುದು, ಹೊಳೆಗಲ್ಲ.

ದಸರೆಗೋ ಬೇಸಿಗೆಗೋ ಊರಿಗೆ ಹೋಗುವವರಿಗೆ ಒಂದು ಸಮಾಧಾನ: ಆರೋಗ್ಯವಂತ ದೊಡ್ಡ ಮೀನುಗಳು ಒಂದು ವಾರ ಆಹಾರವಿಲ್ಲದೆ ಇರಬಲ್ಲವು. ಹೊರಡುವ ಎರಡು ದಿನ ಮುಂಚೆ ನೀರು ಬದಲಿಸಿ, ದೀಪಕ್ಕೆ ಟೈಮರ್ ಹಾಕಿ, ಫಿಲ್ಟರ್ ಓಡಲು ಬಿಟ್ಟು ಹೋಗಬಹುದು. ಅದಕ್ಕಿಂತ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಡಬ್ಬಿಯನ್ನೇ ಕೊಡುವ ಬದಲು ಒಂದೊಂದು ಚಿಟಿಕೆ ಕಾಗದದಲ್ಲಿ ಪೊಟ್ಟಣ ಕಟ್ಟಿ, ಎರಡು ದಿನಕ್ಕೊಂದರಂತೆ ತಾರೀಖು ಬರೆದು ಕೊಡಬೇಕು. ಉಳಿದ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರಾಯಿತು.